ಹಳೆಯ ನಕ್ಷೆಯ ಕೆರೆ ಈಗಿನ ಕೆರೆಯ ಮೇಲೆ ಕೂರುತ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ (ಆಳಂದ): ನಿಜಾಮರ ಕಾಲದ ನಕ್ಷೆಗಳಿಂದ ನಮ್ಮ ತಾಲ್ಲೂಕಿನ ಕೆರೆ, ಬಾವಿ, ಬಂಡಿದಾರಿಗಳನ್ನು ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಗುರುತಿಸುತ್ತಿದ್ದೇನೆ. ಮೈಲಿಗೆ ಒಂದು ಇಂಚಿನ ಸರ್ವೆ ಹಾಳೆಯನ್ನು ಉಪಗ್ರಹ ಚಿತ್ರದ ಮೇಲಿಟ್ಟರೆ ಎಲ್ಲವೂ ಆಗ್ನೇಯಕ್ಕೆ ಸರಿದಿವೆ. ಗ್ರಾಮ ನಕ್ಷೆಯಲ್ಲಿ ಒಂದೊಂದು ಒಂದೊಂದು ಕಡೆ. ಯಾವುದನ್ನು ನಂಬಲಿ? ಶಾಲೆಗಳಿಗೆ ಕೊಡುವ ನಕ್ಷೆ ಇದು.

ಕಲಬುರಗಿಯಿಂದ: ಎಲ್ಲವೂ ಒಂದೇ ದಿಕ್ಕಿಗೆ ಸರಿದಿದ್ದರೆ ನಕ್ಷೆ ಬರೆದವರ ತಪ್ಪಲ್ಲ. ಆ ಹಾಳೆಯ ಅಕ್ಷಾಂಶ, ರೇಖಾಂಶಗಳು ಎವರೆಸ್ಟ್ ಗೋಳಾಕೃತಿಯ, ಅಂದರೆ ಭೂಮಿಯ ಆಕಾರಕ್ಕೆ ಆಗ ಹಿಡಿದ ಮಾದರಿಯ, ಲೆಕ್ಕದವು. ಮೊಬೈಲಿನ ಜಿಪಿಎಸ್ ಲೆಕ್ಕ ಡಬ್ಲ್ಯುಜಿಎಸ್ 84. ನಮ್ಮ ಭಾಗದಲ್ಲಿ ಇವೆರಡರ ನಡುವೆ ಸುಮಾರು ನೂರೈವತ್ತು ಮೀಟರ್ ಅಂತರ ಬರುತ್ತದೆ. ಹಾಳೆಗೆ ಎವರೆಸ್ಟ್ ಲೆಕ್ಕದ ಕಲಿಯಾನಪುರ 1975 ಡೇಟಮ್ (ಜಾಗ ಗುರುತಿಸುವ ಆಧಾರ ಚೌಕಟ್ಟು) ಕೊಟ್ಟು ನೋಡಿ, ಬಹುಪಾಲು ಸರಿಹೋಗುತ್ತದೆ. ತೀರ ಹಳೆಯ ಹಾಳೆಗಳಲ್ಲಿ ರೇಖಾಂಶವೇ ಸುಮಾರು ಎರಡೂವರೆ ನಿಮಿಷ ಹೆಚ್ಚಿರುತ್ತದೆ, ಅಂದರೆ ನಾಲ್ಕು ಕಿಲೋಮೀಟರಿಗೂ ಮೇಲೆ. ಅಂಚಿನ ಟಿಪ್ಪಣಿಯನ್ನು ಬಿಡದೆ ಓದಿ.

ಹಾಗಂತ ಆ ಸರ್ವೆಯನ್ನು ಹಗುರವಾಗಿ ಕಾಣಬೇಡಿ. ಭಾರತದ ಮಹಾ ತ್ರಿಕೋನಮಿತಿ ಸರ್ವೆ ಶುರುಮಾಡಿದ ಲ್ಯಾಂಬ್ಟನ್ 1815ರಲ್ಲಿ ಬೀದರ್ ಸಮೀಪವೇ ಆಧಾರರೇಖೆ (ಉಳಿದ ಅಳತೆಗಳಿಗೆ ಬುನಾದಿಯಾಗುವ ಗೆರೆ) ಅಳೆದದ್ದು. ಅಷ್ಟು ಶ್ರದ್ಧೆಯ ಕೆಲಸ ನಮ್ಮ ನೆಲದಲ್ಲಿ ನಡೆದಿದೆ ಎನ್ನುವುದು ನನಗೆ ಹೆಮ್ಮೆ. ಆದರೂ ಆ ಅಳತೆಯ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ಗೆರೆ ಎಂದರೆ ನೆಲದ ಮೇಲೆ 32 ಮೀಟರ್. ಬಾವಿಯನ್ನು ಅದಕ್ಕಿಂತ ನಿಖರವಾಗಿ ಹೇಳಲು ಅದಕ್ಕೆ ಸಾಧ್ಯವಿಲ್ಲ.

ಭಾಲ್ಕಿಯಿಂದ, ನಿವೃತ್ತ ಭೂಮಾಪಕ: ನೋಡ್ರಿ, ಗ್ರಾಮ ನಕ್ಷಾದಾಗ ಅಕ್ಷಾಂಶ ರೇಖಾಂಶ ಇರಂಗಿಲ್ಲ. ಸರಪಳಿ ಹಿಡಿದು ಒಂದೊಂದೇ ಸರ್ವೆ ನಂಬರ್ ಅಳೆದು ಕೂಡಿಸಿದ್ದು ಅದು. ಒಂದು ಹೊಲಕ್ಕ ಪಕ್ಕದ ಹೊಲ ಎಲ್ಲಿ ಅದ ಅನ್ನೋದು ಖಾತ್ರಿ, ಇಡೀ ಊರು ಭೂಮಿ ಮ್ಯಾಲ ಎಲ್ಲಿ ಅದ ಅನ್ನೋದಕ್ಕ ಅದು ಮಾಡಿದ್ದೇ ಅಲ್ಲ. ಅದಕ್ಕ ಮೂರು ಊರಿನ ಗಡಿ ಕೂಡೋ ಕಲ್ಲು ಹುಡುಕ್ರಿ, ಹಳೆ ಗುಡಿ, ದರ್ಗಾ, ಕೆರಿ ಏರಿ ಹಿಡೀರಿ. ಕೆರಿ ನೀರಿನ ಅಂಚು ಮಾತ್ರ ಹಿಡೀಬ್ಯಾಡ್ರಿ, ಮಳಿಗಾಲಕ್ಕೊಂದು ಬ್ಯಾಸಗಿಗೊಂದು ಇರ್ತದ. ಝೆರಾಕ್ಸ್ ಪ್ರತಿ ಇದ್ರ ಬಿಡ್ರಿ, ಒಂದು ಕಡಿ ಜಗ್ಗಿರ್ತದ. ಮೂಲ ಹಾಳಿನೇ ಸ್ಕ್ಯಾನ್ ಮಾಡಸ್ರಿ.

ಬೀದರ್‌ನಿಂದ: ಒಂದು ಎಚ್ಚರಿಕೆ. ಜಿಯೋರೆಫರೆನ್ಸ್ (ಹಳೆಯ ಹಾಳೆಯನ್ನು ಅದರ ನಿಜವಾದ ಜಾಗಕ್ಕೆ ಕೂರಿಸುವುದು) ಮಾಡುವಾಗ ‘ಥಿನ್ ಪ್ಲೇಟ್ ಸ್ಪ್ಲೈನ್’ ಎಂಬ ವಿಧಾನ ಆರಿಸಿದರೆ ದೋಷ ಸೊನ್ನೆ ಎಂದು ತೋರಿಸುತ್ತದೆ. ನೀವು ಕೊಟ್ಟ ಬಿಂದುಗಳಿಗೆ ಅದು ಹಾಳೆಯನ್ನು ಎಳೆದು ಕೂರಿಸುವುದರಿಂದ ಸೊನ್ನೆ ಬರಲೇಬೇಕು, ನಡುವಿನ ಜಾಗದ ಬಗ್ಗೆ ಅದು ಏನೂ ಹೇಳುವುದಿಲ್ಲ. ಕೆಲವು ಬಿಂದುಗಳನ್ನು ಜೋಡಣೆಗೆ ಬಳಸದೆ ಪರೀಕ್ಷೆಗೆಂದೇ ಉಳಿಸಿಕೊಳ್ಳಿ.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಬೀದರ್ ಪಕ್ಕದ ನೌಬಾದಿನ ಕರೇಜ್ ನೋಡಿದ್ದೀರಲ್ಲ, ಬಹಮನಿ ಕಾಲದ ಸುರಂಗ ನೀರಿನ ವ್ಯವಸ್ಥೆ. ನೆಲದ ಮೇಲೆ ಕಾಣುವುದು ಗಾಳಿಬಾವಿಗಳ ಬಾಯಿ. ಅವುಗಳ ನಡುವೆ ನೇರ ಗೆರೆ ಎಳೆದರೆ ನಕ್ಷೆ ಚೆಂದ ಕಾಣುತ್ತದೆ, ಆದರೆ ಯಾರೂ ಇಳಿದು ಅಳೆಯದ ಕಡೆ ಆ ಗೆರೆ ನಮ್ಮ ಊಹೆ. ಬಾವಿಗೆ ತುಂಬಿದ ಚುಕ್ಕಿ, ಊಹೆಗೆ ಕಡಿದ ಗೆರೆ ಕೊಡಿ. ನಿಮ್ಮ ಕೆರೆಗಳಿಗೂ ಹಾಗೇ: ಪ್ರತಿಯೊಂದಕ್ಕೂ ಯಾವ ಹಾಳೆಯಿಂದ ಬಂತು, ಎಷ್ಟು ಮೀಟರ್ ಹೆಚ್ಚುಕಡಿಮೆ, ಜಾಗಕ್ಕೆ ಹೋಗಿ ನೋಡಿದ್ದೀರಾ ಎಂದು ಕಾಲಂ ಮಾಡಿ. ಮಕ್ಕಳಿಗೆ ಕೊಡುವ ನಕ್ಷೆಯಲ್ಲೂ ಅದು ಕಾಣಲಿ, ಅವರಿಗೆ ಅರ್ಥವಾಗುತ್ತದೆ.

ಯಾದಗಿರಿಯಿಂದ: ಗಡಿ ಎಳೆಯುವುದಿದ್ದರೆ ವರ್ಷ ಹಾಕಿ. ತಾಂಡೂರು, ಕೊಡಂಗಲ್ 1956ರವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ನಮ್ಮ ಜಿಲ್ಲೆ ಆದದ್ದು 2009ರಲ್ಲಿ. ಹಳೆಯ ಹಾಳೆಯಲ್ಲಿ ಫಸಲಿ ವರ್ಷ (ನಿಜಾಮರ ಕಾಲದ ಕಂದಾಯ ವರ್ಷ) ಇದ್ದರೆ ಇಸವಿ ತಿಳಿಯಲು 590 ಸೇರಿಸಿ. ಆ ವರ್ಷ ಜನವರಿಗೆ ಶುರುವಾಗುವುದಿಲ್ಲ, ಹಾಗಾಗಿ 1350 ಫಸಲಿಯನ್ನು 1940–41 ಎಂದೇ ಬರೆಯಿರಿ.

ಪ್ರಶ್ನೆ ಕೇಳಿದವರು: ಡೇಟಮ್ ಬದಲಿಸಿದೆ, ಸರ್ವೆ ಹಾಳೆ ಕೂತಿತು. ಒಂದು ಕೆರೆ ಮಾತ್ರ ಇನ್ನೂ ದೂರವೇ ಇದೆ. ಅದರ ಏರಿ ನೋಡಲು ಹೋಗುತ್ತೇನೆ, ಅಲ್ಲಿಯವರೆಗೆ ಕಡಿದ ಗೆರೆ.