ದುಃಖ ಇಳಿಸೋಕೆ ನೃತ್ಯಚಿತ್ರ: ಮಾಡಿದವರು ಅನುಭವ ಹೇಳಿ

ಕೇಳಿದವರು, ಹಾಸನ
ಅಮ್ಮ ಹೋಗಿ ವರ್ಷವಾಯಿತು. 12 ವರ್ಷ ಭರತನಾಟ್ಯ ಕಲಿತು ಬಿಟ್ಟವಳು ನಾನು. ಅವರ ನೆನಪಿನಲ್ಲಿ ಐದು ನಿಮಿಷದ ನೃತ್ಯಚಿತ್ರ ಮಾಡಿದರೆ ಮನಸ್ಸು ಸ್ವಲ್ಪ ಹಗುರಾಗಬಹುದು ಅನ್ನಿಸುತ್ತಿದೆ. ಸಕಲೇಶಪುರದ ಹತ್ತಿರ ನೆಂಟರ ಕಾಫಿ ಒಣಗಿಸುವ ಕಣ ಸಿಗುತ್ತದೆ, ಹೂ ಬಿಟ್ಟ ತೋಟವೂ ಚಿತ್ರದಲ್ಲಿ ಬರಬೇಕು ಅಂತ ಆಸೆ. ಕೈಯಲ್ಲಿ ₹15,000 ಇದೆ. ಎಡ ಮೊಣಕಾಲು ಆಗಾಗ ನೋಯುತ್ತದೆ. ನನ್ನ ವಿಡಿಯೊ ನಾನೇ ನೋಡಲಾಗದ ಸ್ವಭಾವ. ಮಾಡಿದವರು ದಯವಿಟ್ಟು ಹೇಳಿ.

ತಟ್ಟುಕಳಿ
ಕ್ಯಾಮೆರಾ ಆಮೇಲೆ, ಮೊದಲು ನೆಲ. ಸಿಮೆಂಟ್ ಕಣದ ಮೇಲೆ ಬರಿಗಾಲಲ್ಲಿ ತಟ್ಟಡವು (ಅಂಗಾಲು ನೆಲಕ್ಕೆ ಬಡಿಯುವ ಹೆಜ್ಜೆ) ಹಾಕಿದರೆ ಪೆಟ್ಟನ್ನು ನೆಲ ಹೀರುವುದಿಲ್ಲ, ಮೊಣಕಾಲಿನ ಕೆಳಗಿನ ಮೂಳೆ ಹೀರುತ್ತದೆ. ವೇದಿಕೆಯಲ್ಲಿ ಒಂದು ಸಲ ಮಾಡುವ ಜತಿಯನ್ನು (ಹೆಜ್ಜೆಗಳ ಒಂದು ಕಟ್ಟು) ಚಿತ್ರಕ್ಕೆ ಹದಿನೈದು ಸಲ ಮಾಡಬೇಕು, ಎಲ್ಲರೂ ಮರೆಯುವುದು ಇದನ್ನೇ. ಎಂಟನೇ ಟೇಕ್‌ಗೆ ಅರೆಮಂಡಿ (ಮೊಣಕಾಲು ಹೊರಕ್ಕೆ ಬಗ್ಗಿಸಿ ಅರ್ಧ ಕೂತ ನಿಲುವು) ಮೇಲೇಳುತ್ತದೆ, ಮೊಣಕಾಲು ಪಾದದ ಬೆರಳಿನ ದಿಕ್ಕು ಬಿಟ್ಟು ಒಳಕ್ಕೆ ಬೀಳುತ್ತದೆ, ನೋವು ಶುರುವಾಗುವುದು ಅಲ್ಲಿಂದ.

18 ಮಿ.ಮೀ. ಪ್ಲೈವುಡ್, 8×4 ಅಡಿಯ ನಾಲ್ಕು ಹಾಳೆ. ಸೇರಿಸಿ ಹಾಸಿದರೆ 16×8 ಅಡಿ. ಕೆಳಗೆ ಮಕ್ಕಳ ಕೋಣೆಗೆ ಹಾಸುವ ಫೋಮ್ ಚೌಕ, 10 ಮಿ.ಮೀ. ದಪ್ಪದ್ದು ಸಾಕು. 20 ಮಿ.ಮೀ. ಹಾಕಿದರೆ ಹಾಳೆ ತೂಗಾಡಿ ಕಣಕಾಲು ಉಳುಕುತ್ತದೆ. ಸಂದುಗಳಿಗೆ ಬಟ್ಟೆಯ ಟೇಪ್ ಹಚ್ಚಿ. ಪ್ಲಾಸ್ಟಿಕ್ ಟೇಪ್ ಬೆವರಿಗೆ ಕಿತ್ತುಬಂದು ಬೆರಳಿಗೆ ಸುತ್ತಿಕೊಳ್ಳುತ್ತದೆ. ಹಾಸನದಲ್ಲಿ ನನಗೆ ಹಾಳೆಗೆ ₹2,100 ಬಿತ್ತು, ಫೋಮ್ ₹1,800, ಟೇಪ್ ₹350, ಗೂಡ್ಸ್ ಆಟೊ ಹೋಗಿಬರಲು ₹1,600. ಒಟ್ಟು ₹12,150. ಒಂದು ರೂಪಾಯಿಗೂ ಬೇಜಾರಿಲ್ಲ.

ಇಪ್ಪತ್ತೈದು ಫ್ರೇಮ್
15,000ದಲ್ಲಿ 12,000 ಪ್ಲೈವುಡ್‌ಗೆ ಹಾಕಿಸುತ್ತೀರಲ್ಲ ಮೇಡಂ, ಚಿತ್ರ ತೆಗೆಯುವುದು ಯಾವುದರಲ್ಲಿ? ಐದು ನಿಮಿಷದ ಚಿತ್ರದಲ್ಲಿ ಇಡೀ ದೇಹ ಕಾಣುವ ಶಾಟ್ ಒಂದೂವರೆ ನಿಮಿಷ ಇದ್ದರೆ ಹೆಚ್ಚು. ಉಳಿದದ್ದು ಕೈ, ಕಣ್ಣು, ಬೆನ್ನು, ಸೆರಗು. ಅದಕ್ಕೆ ಎರಡು ಹಾಳೆ ಸಾಕು.

ಈಗಿನ ಸಾಧಾರಣ ಫೋನೇ ಸಾಕು, ಆದರೆ ಎಲ್ಲವನ್ನೂ ಕೈಯಿಂದ ಹೊಂದಿಸಿ. ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್. 30 ಫ್ರೇಮ್, 1/60 ಇಟ್ಟು ಮನೆಯೊಳಗೆ ತೆಗೆದರೆ ಟ್ಯೂಬ್‌ಲೈಟ್ ಮಿಣುಕುತ್ತದೆ, ಆಮೇಲೆ ಅದನ್ನು ಸರಿಮಾಡುವುದು ನರಕ. ನಿಧಾನಗತಿ ಬೇಕಾದರೆ 50 ಫ್ರೇಮ್, 1/100. ಬಿಸಿಲಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗಾಗುತ್ತದೆ, ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಅದಿಲ್ಲದೆ ಶಟರ್ 1/1000ಕ್ಕೆ ಏರಿಸಿದರೆ ಕೈಚಲನೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ, ಹಸ್ತಗಳ ಹರಿವು ಸತ್ತುಹೋಗುತ್ತದೆ.

ತೋಟದ ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ತೆಗೆಯುವವರು ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ಫೋಕಸ್ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ನರ್ತಕಿ ಬಿಸಿಲ ಚುಕ್ಕೆಗೆ ಕಾಲಿಟ್ಟಾಗಲೆಲ್ಲ ಇಡೀ ತೋಟ ಕಪ್ಪಾಗಿ ಬೆಳ್ಳಗಾಗುತ್ತದೆ. ಕ್ಯಾಮೆರಾ ಸೊಂಟದ ಎತ್ತರದಲ್ಲಿರಲಿ. ನಿಂತವರ ಕಣ್ಣಿನ ಎತ್ತರದಿಂದ ತೆಗೆದರೆ ಅರೆಮಂಡಿಯಲ್ಲಿ ಕೂತವರು ಕುಳ್ಳಗೆ, ತಲೆ ದಪ್ಪಗೆ ಕಾಣುತ್ತಾರೆ. ನನ್ನ ಖರ್ಚು: ಟ್ರೈಪಾಡ್ ₹2,600, ಫಿಲ್ಟರ್ ₹1,300, ಹಾರ್ಡ್ ಡಿಸ್ಕ್ ₹4,700. 4ಕೆ ಮೋಹ ಬೇಡ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ, ಹಳೆ ಲ್ಯಾಪ್‌ಟಾಪ್ ಕೈಕೊಡುತ್ತದೆ.

ತಟ್ಟುಕಳಿ
ಕೈ, ಕಣ್ಣು, ಸೆರಗು! ಕಾಲೇ ಕಾಣದ ಭರತನಾಟ್ಯವನ್ನು ಕ್ಯಾಮೆರಾದವರು ಮಾತ್ರ ಮೆಚ್ಚುತ್ತಾರೆ. ಎರಡು ಹಾಳೆ ಅಂದರೆ 8×8 ಅಡಿ, ಕಾಲು ಚಾಚುವ ನಾಟಡವು ಎರಡು ಹೆಜ್ಜೆ ಸರಿದರೆ ಅಂಚು. ಅಂಚಿನಿಂದ ಬಿದ್ದವರ ಕಣಕಾಲಿಗೆ ನಿಮ್ಮ ಫಿಲ್ಟರ್ ಕಟ್ಟೋಣವೇ?

ಎಡಿಟ್ ಮೇಜು, ಚಿಕ್ಕಮಗಳೂರು
ಇಬ್ಬರೂ ದಯವಿಟ್ಟು ನಿಲ್ಲಿಸಿ. ಇಂಥ ಚಿತ್ರ ವಾಸಿ ಮಾಡುವುದೂ ಎಡಿಟ್ ಮೇಜಿನಲ್ಲಿ, ಗಾಯ ಮಾಡುವುದೂ ಅಲ್ಲೇ. ಕುಣಿಯುವಾಗ ದೇಹ ಒಳಗಿನಿಂದ ಗೊತ್ತಾಗುತ್ತದೆ. ಪರದೆಯಲ್ಲಿ ಹೊರಗಿನಿಂದ, ಅದೂ ಕನ್ನಡಿಯಲ್ಲಿ ಕಾಣುವುದಕ್ಕೆ ಎಡಬಲ ತಿರುಗಿ ಕಾಣುತ್ತದೆ. ಜೀವನವಿಡೀ ಕನ್ನಡಿ ನೋಡಿದ ಕಣ್ಣಿಗೆ ಆ ಮುಖ ವಕ್ರವಾಗಿ ತೋರುವುದು ಸಹಜ. ಮೊದಲ ಸುತ್ತಿಗೆ ಚಿತ್ರವನ್ನು ಕನ್ನಡಿಯ ಹಾಗೆ ಎಡಬಲ ಅದಲುಬದಲು ಮಾಡಿ ನೋಡಿ, ಸಾಫ್ಟ್‌ವೇರಿನಲ್ಲಿ ಒಂದೇ ಗುಂಡಿ.

ತೆಗೆದ ದಿನ ಏನನ್ನೂ ನೋಡಬೇಡಿ. ಫೈಲ್ ಎರಡು ಕಡೆ ಉಳಿಸಿ, ತೆರೆದು ಆಡುತ್ತದೆಯೇ ಎಂದು ಬೇರೊಬ್ಬರು ಪರೀಕ್ಷಿಸಲಿ. ಮೂರು ದಿನ ಬಿಟ್ಟು, ಹಗಲಿನಲ್ಲಿ, ಜೊತೆಗೊಬ್ಬರನ್ನು ಕೂರಿಸಿಕೊಂಡು, ಶಬ್ದ ಮುಚ್ಚಿ, ಹತ್ತೇ ನಿಮಿಷ. ಮೊದಲು ಪಾದದ ಶಾಟ್, ಆಮೇಲೆ ಕೈ, ಮುಖ ಕೊನೆಗೆ. ಅಳು ಬಂದರೆ ಬರಲಿ. ಆದರೆ ಮೈ ಜೋಮು ಹಿಡಿದರೆ, ಪಕ್ಕದವರ ಮಾತು ದೂರದಿಂದ ಬಂದಂತೆ ಕೇಳಿದರೆ ತಕ್ಷಣ ಪರದೆ ಮುಚ್ಚಿ, ಎರಡೂ ಪಾದ ನೆಲಕ್ಕೊತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ. ಮತ್ತೆ ಮತ್ತೆ ಹೀಗಾದರೆ ಚಿತ್ರ ಪಕ್ಕಕ್ಕಿಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಜೋಡಣೆ. ಚಲನೆ ಮುಗಿದ ಮೇಲೆ ಕತ್ತರಿಸಬೇಡಿ, ನಡುವೆ ಕತ್ತರಿಸಿ. 1945ರಲ್ಲೇ ಅಮೆರಿಕದ ಚಿತ್ರನಿರ್ದೇಶಕಿ ಮಾಯಾ ಡೆರೆನ್ ತಮ್ಮ ನೃತ್ಯಚಿತ್ರದಲ್ಲಿ ತೋರಿಸಿದ್ದಾರೆ: ನರ್ತಕ ಕಾಡಿನಲ್ಲಿ ಎತ್ತಿದ ಕಾಲು ಮನೆಯೊಳಗೆ ಇಳಿಯುತ್ತದೆ. ಕಣದಲ್ಲಿ ಎತ್ತಿದ ಕಾಲು ಅಮ್ಮನ ಅಡುಗೆಮನೆಯಲ್ಲಿ ಇಳಿಯಬೇಕಾದರೆ ಎರಡೂ ಕಡೆ ಅದೇ ಕಾಲು, ಅದೇ ವೇಗ, ಕ್ಯಾಮೆರಾದಿಂದ ಅದೇ ದೂರ ಇರಬೇಕು. ದೂರವನ್ನು ದಾರದಲ್ಲಿ ಅಳೆದು ಗಂಟು ಹಾಕಿಟ್ಟುಕೊಳ್ಳಿ.

ಮಲ್ಲಿಗೆ ದಂಡೆ
ಇಷ್ಟೊಂದು ಹೆದರಿಸಬೇಡಿ. ಅಮೆರಿಕದ ನರ್ತಕಿ ಆನಾ ಹಾಲ್‌ಪ್ರಿನ್‌ಗೆ 1972ರಲ್ಲಿ ಕ್ಯಾನ್ಸರ್ ಬಂತು. ತಮ್ಮ ಭಾವಚಿತ್ರ ತಾವೇ ಬರೆದು, ಅದರೆದುರು ಕುಣಿದೇ ಗುಣವಾದರು, ನೂರು ವರ್ಷ ಬದುಕಿದರು. ನೃತ್ಯಕ್ಕೆ ಆ ಶಕ್ತಿ ಇದೆ. ಮಾಡಿ, ಎಲ್ಲರಿಗೂ ತೋರಿಸಿ, ನಾಲ್ಕು ಜನ ನೋಡಿದರೇ ಭಾರ ಇಳಿಯುವುದು.

ಎಡಿಟ್ ಮೇಜು, ಚಿಕ್ಕಮಗಳೂರು
ಕುಣಿದೇ ಗುಣವಾದರು ಅಂತ ಬರೆಯಬೇಡಿ ಅಮ್ಮಾ, ದಯವಿಟ್ಟು. ಅವರಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ರೋಗ ಮರಳಿತ್ತು. ಕುಣಿತ ಒಂದರಿಂದಲೇ ಗುಣವಾಯಿತು ಅನ್ನಲಾಗದು. ಇದನ್ನು ಓದಿ ಯಾರಾದರೂ ಔಷಧಿ ಬಿಟ್ಟರೆ? ಎಲ್ಲರಿಗೂ ತೋರಿಸಿ ಅನ್ನುವುದೂ ತಪ್ಪು. ಶೋಕದ ಚಿತ್ರದ ಕೆಳಗೆ ಯಾರೋ "ತೂಕ ಇಳಿಸಿ" ಅಂತ ಬರೆದು ಹೋಗುತ್ತಾರೆ. ಯಾರಿಗೆ ತೋರಿಸಬೇಕು ಎಂಬ ಪಟ್ಟಿ ಚಿತ್ರೀಕರಣಕ್ಕೆ ಮೊದಲೇ ಬರೆದಿಡಿ, ಕ್ಯಾಮೆರಾ ಹಿಡಿದವರ ಫೋನಿನಿಂದ ಫೈಲ್ ಅಳಿಸಿದ್ದನ್ನು ಕಣ್ಣಾರೆ ನೋಡಿ.

ಮಲ್ಲಿಗೆ ದಂಡೆ
ಶಸ್ತ್ರಚಿಕಿತ್ಸೆಯ ಮಾತು ಒಪ್ಪಿದೆ. ಆದರೆ ಬಾಗಿಲು ಹಾಕಿಕೊಂಡು ಅಳುವುದಕ್ಕೆ ಕ್ಯಾಮೆರಾ ಯಾಕೆ ಬೇಕು? ಅದಕ್ಕೆ ಉತ್ತರ ಕೊಡಿ. ಕುಣಿತ ಇನ್ನೊಬ್ಬರ ಕಣ್ಣಿಗಾಗಿ ಹುಟ್ಟಿದ್ದು. ಬೇಲೂರಿನ ಮದನಿಕೆಯರಲ್ಲಿ ಹೆಚ್ಚಿನವರು ಗುಡಿಯ ಹೊರಗೇ ನಿಂತಿದ್ದಾರೆ. ಅಲ್ಲೇ ಹೋಗಿ ಚಿತ್ರ ತೆಗೆಯಿರಿ ಅನ್ನುತ್ತೇನೆ ನಾನು.

ಇಪ್ಪತ್ತೈದು ಫ್ರೇಮ್
ಬೇಲೂರು, ಹಳೇಬೀಡು ಎರಡೂ ಪುರಾತತ್ವ ಸರ್ವೇಕ್ಷಣದ ಕೈಯಲ್ಲಿವೆ, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇವೆ. ಅನುಮತಿಯಿಲ್ಲದೆ ಟ್ರೈಪಾಡ್ ಬಿಚ್ಚುವಂತಿಲ್ಲ, ಡ್ರೋನ್ ಮಾತೇ ಬೇಡ. ಬೇಲೂರಿನಲ್ಲಿ ಪೂಜೆಯೂ ನಡೆಯುತ್ತದೆ. ಶೆಟ್ಟಿಹಳ್ಳಿಯ ಪಾಳು ಚರ್ಚ್ ಅಂತ ಇನ್ಯಾರೋ ಬರುವ ಮೊದಲೇ ಹೇಳುತ್ತೇನೆ: ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಒಳಗೆ ನುಗ್ಗುತ್ತದೆ, ನೀರಿಳಿದ ಮೇಲೆ ಗೋಡೆ ಸಡಿಲ. ಕಮಾನಿನ ಕೆಳಗೆ ಕುಣಿಯಬೇಡಿ.

ಸಕಲೇಶಪುರದ ಬೆಳೆಗಾರ
ಕಣ, ಹೂ ಎರಡೂ ಒಟ್ಟಿಗೆ ಸಿಗಲ್ಲ ಅನ್ನೋದನ್ನ ಯಾರೂ ಹೇಳಲಿಲ್ಲ ನೋಡಿ. ಅರೇಬಿಕಾ ಕಾಫಿ ಕೊಯ್ಲು ಶುರುವಾದಲ್ಲಿಂದ ರೋಬಸ್ಟಾ ಕಾಫಿ, ಕರಿಮೆಣಸು ಒಣಗುವ ತನಕ ಕಣದ ಮೇಲೆ ಕಾಲಿಡೋಕೆ ಜಾಗ ಇರಲ್ಲ. ಹೂ ಬರೋದು ಅದೇ ಹೊತ್ತಿಗೆ. ಹೂಮಳೆ (ಮೊಗ್ಗು ಅರಳಿಸೋ ಮಳೆ) ಬಿದ್ದ ಎಂಟ್ಹತ್ತು ದಿನಕ್ಕೆ ಅರಳುತ್ತೆ, ಎರಡು ಮೂರು ದಿನ ಬೆಳ್ಳಗಿದ್ದು ಕಂದಾಗುತ್ತೆ. ಮಳೆ ನಂಬಬೇಡಿ. ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಯಾವತ್ತು ಹಾಕ್ತಾರೆ ಕೇಳ್ಕೊಂಡು ಎಂಟನೇ ದಿನಕ್ಕೆ ಬನ್ನಿ. ಸಾಲಿನೊಳಗೆ ಕುಣಿಯೋ ಹಾಗಿಲ್ಲ, ಹೂ ಉದುರಿದರೆ ಫಸಲು ಹೋಯ್ತು. ತೋಟದ ರಸ್ತೆ ಮೇಲೆ ಮಾಡಿ. ಕಣ ಖಾಲಿ ಇರೋದು ಮೇ ತಿಂಗಳು, ಬೆಳಿಗ್ಗೆ ಎಂಟೂವರೆ ಒಳಗೆ ಮುಗಿಸಿ, ಆಮೇಲೆ ಅಂಗಾಲು ಸುಡುತ್ತೆ. ಮಳೆ ನಿಂತ ಮೇಲಾದ್ರೆ ಪಾಚಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಎರಡು ದಿನ ಒಣಗಿಸದೆ ಹಲಗೆ ಹಾಸಬೇಡಿ.

ಮೂಡಿಗೆರೆ ಮಳೆ
ಎಂಟನೇ ದಿನ ರೋಬಸ್ಟಾಕ್ಕೆ ಸರಿ ಅಣ್ಣ. ಅರೇಬಿಕಾಕ್ಕೆ ಒಂಬತ್ತು, ಹತ್ತು. ಎರಡನ್ನೂ ಒಂದೇ ಲೆಕ್ಕದಲ್ಲಿ ಹೇಳಿದರೆ ಹಾಸನದಿಂದ ಬಂದವರು ಮೊಗ್ಗು ನೋಡಿ ವಾಪಸ್ ಹೋಗ್ತಾರೆ.

ಸಕಲೇಶಪುರದ ಬೆಳೆಗಾರ
ನಾನು ರೋಬಸ್ಟಾ ಅಂತಲೇ ಬರೆದಿದ್ದೀನಿ, ಮತ್ತೊಂದ್ಸಲ ಓದಿ.

ಕೇಳಿದವರು, ಹಾಸನ
ಎಲ್ಲರಿಗೂ ನಮಸ್ಕಾರ. ಹೂ ಮಾರ್ಚಿಗೆ, ಕಣ ಮೇಗೆ ಅಂತ ಎರಡು ಭಾಗ ಮಾಡುತ್ತೇನೆ. ಗೆಜ್ಜೆಯ ಶಬ್ದ ಅಮ್ಮನಿಗೆ ಇಷ್ಟ. ಫೋನಿನಲ್ಲೇ ಬರುತ್ತದೆಯೇ?

ತಟ್ಟುಕಳಿ
ಬರಲ್ಲ ಅಕ್ಕ. ಹಲಗೆ ಡೋಲಿನ ಹಾಗೆ ಗುಂಯ್ ಅನ್ನುತ್ತದೆ, ಗೆಜ್ಜೆ ಅದರಡಿ ಮುಚ್ಚಿಹೋಗುತ್ತದೆ. ಚಿತ್ರ ತೆಗೆದ ಮೇಲೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ದಪ್ಪ ಜಮಖಾನೆಯ ಮೇಲೆ ಕೂತು, ಗೆಜ್ಜೆಪಟ್ಟಿ ಕೈಯಲ್ಲಿ ಹಿಡಿದು ಅದೇ ಸೊಲ್ಲುಕಟ್ಟು (ಹೆಜ್ಜೆಗೆ ಹೇಳುವ ತಾಳದ ಸೊಲ್ಲು) ಬಡಿಯಿರಿ. ಎರಡನೇ ಫೋನ್ ಒಂದೂವರೆ ಅಡಿ ದೂರದಲ್ಲಿರಲಿ. ಎರಡೂ ಕಡೆ ಶುರುವಿನಲ್ಲಿ ಒಂದೊಂದು ಚಪ್ಪಾಳೆ ಹೊಡೆದರೆ ಹೊಂದಿಸೋದು ಸುಲಭ. ಕೂತೇ ಮಾಡೋದು, ಮೊಣಕಾಲಿಗೂ ಭಾರವಿಲ್ಲ.

ಇಪ್ಪತ್ತೈದು ಫ್ರೇಮ್
ಇದೊಂದು ಮಾತು ಸರಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಡಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗುತ್ತದೆ. ಎರಡು ಹಾಳೆಯ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಿಲ್ಲ.