ಭೀಮನ ಶಪಥ ಹಾಕಿದ್ದಕ್ಕೆ ಪೇಜಿಗೆ ಬೀಗ, ಜಾತಿ ಬೈಗುಳ ಮಾತ್ರ ಹಾಗೇ ಇದೆ. ಎಲ್ಲಿ ಕೇಳಬೇಕು?

ನಾಟಕದಹುಚ್ಚು | 8 ಅಕ್ಟೋಬರ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮಂಡ್ಯ ಕಡೆಯವನು. ನಮ್ಮೂರಿನಲ್ಲಿ ವರ್ಷಕ್ಕೊಂದು ಸಲ ‘ಕುರುಕ್ಷೇತ್ರ’ ಆಡುತ್ತಾರೆ. ಈ ಕಡೆಯವರಲ್ಲದವರಿಗೆ ಹೇಳುತ್ತೇನೆ, ಇಲ್ಲಿ ನಟರಿಗೆ ದುಡ್ಡು ಕೊಡುವುದಿಲ್ಲ, ಪಾತ್ರಕ್ಕೆ ನಟರೇ ದುಡ್ಡು ಕಟ್ಟುತ್ತಾರೆ. ದುರ್ಯೋಧನನಿಗೆ ಎಲ್ಲರಿಗಿಂತ ಜಾಸ್ತಿ. ಎರಡು ತಿಂಗಳು ಹಾರ್ಮೋನಿಯಂ ಮೇಷ್ಟ್ರು ಬಂದು ಪದ್ಯ ಕಲಿಸುತ್ತಾರೆ, ಹಗಲು ಗದ್ದೆ, ರಾತ್ರಿ ಪ್ರಾಕ್ಟೀಸು. ಈ ನಾಟಕಗಳ ತುಣುಕು ಹಾಕಲು ನಾನೊಂದು ಪೇಜು ಮಾಡಿದ್ದೇನೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ನಿಮ್ಮೆಲ್ಲರ ಫೋನಿನಲ್ಲೂ ಇದೆ.

ಯುಗಾದಿ ಆದ ಮೇಲೆ ಆಡಿದ್ದ ನಾಟಕದ ಒಂದು ತುಣುಕನ್ನು ಆಯುಧಪೂಜೆ ದಿನ ಹಾಕಿದೆ. ಭೀಮನ ಶಪಥ. ನಮ್ಮ ಭೀಮ ಹಾಲಿನ ಡೇರಿ ಸೆಕ್ರೆಟರಿ, ಗಂಟಲು ಅಂದರೆ ಗಂಟಲು. ವಿಡಿಯೊ ಮೇಲೆ ಅವನ ಮಾತನ್ನೇ ಬರೆದಿದ್ದೆ: “ಎಲವೋ ದುಶ್ಯಾಸನ, ನಿನ್ನ ಎದೆ ಬಗೆದು ರಕ್ತ ಕುಡಿಯದಿದ್ದರೆ ನಾನು ಕುಂತಿಯ ಮಗನೇ ಅಲ್ಲ.” ಒಂದು ಗಂಟೆಯೂ ಆಗಿರಲಿಲ್ಲ, ವಿಡಿಯೊ ಮಾಯ. ಹಿಂಸೆಗೆ ಪ್ರಚೋದನೆಯಂತೆ. 30 ದಿನ ಏನೂ ಹಾಕುವ ಹಾಗಿಲ್ಲ.

ಇದಾದರೂ ಹೋಗಲಿ. ಇದಕ್ಕೂ ಮೊದಲು ಅದೇ ಪೇಜಿನಲ್ಲಿ ನಮ್ಮ ದ್ರೌಪದಿ ಪಾತ್ರಧಾರಿ ಹೆಣ್ಣುಮಗಳ ಬಗ್ಗೆ ಒಬ್ಬ ಜಾತಿ ಹಿಡಿದು, ಇಲ್ಲಿ ಬರೆಯಲಾಗದಂಥ ಮಾತು ಬರೆದಿದ್ದ. ಏಳು ಜನ ರಿಪೋರ್ಟ್ ಮಾಡಿದೆವು. ಏಳು ಜನಕ್ಕೂ ಒಂದೇ ಉತ್ತರ: ನಮ್ಮ ನಿಯಮಗಳನ್ನು ಉಲ್ಲಂಘಿಸಿಲ್ಲ. ಅದು ಇವತ್ತಿಗೂ ಅಲ್ಲೇ ಇದೆ.

ನನ್ನ ಪ್ರಶ್ನೆ ಇಷ್ಟೆ. ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಅಂತ ಇದೆಯಲ್ಲ, ಅದು ಇಂಥ ಕಂಪನಿಗೆ ಅನ್ವಯ ಆಗುವುದಿಲ್ವಾ? ಕೋರ್ಟಿಗೆ ಹೋಗಬಹುದಾ? ಅಥವಾ ಸುಮ್ನೆ ಇನ್ನೊಂದು ಪೇಜು ಮಾಡಿಕೊಂಡು ಹೋಗಲಾ?

ಕರಿಕೋಟು | 8 ಅಕ್ಟೋಬರ್ 2025

ಇನ್ನೊಂದು ಪೇಜು ಈಗಲೇ ಮಾಡಬೇಡಿ. ನಿರ್ಬಂಧ ತಪ್ಪಿಸಿಕೊಳ್ಳಲು ಮಾಡಿದ್ದು ಅಂತ ಅದನ್ನೂ ಎತ್ತಿಬಿಡುತ್ತಾರೆ.

ಕಾನೂನಿನ ಮಾತು. ನೀವು ಹೇಳಿದ ವಾಕ್ ಸ್ವಾತಂತ್ರ್ಯ ಇರುವುದು ಸಂವಿಧಾನದ 19(1)(ಎ)ನಲ್ಲಿ, ಅದು ಮುಖ್ಯವಾಗಿ ಸರ್ಕಾರದ ಕೈ ಕಟ್ಟುವ ವಿಧಿ. ಕಂಪನಿ ಸರ್ಕಾರ ಅಲ್ಲ, ಅದು ತನ್ನ ಅಂಗಡಿಯಲ್ಲಿ ಏನಿಡಬೇಕು ಅಂತ ತಾನೇ ತೀರ್ಮಾನ ಮಾಡುತ್ತದೆ. ಬಹಳ ವರ್ಷ ಇದೇ ಉತ್ತರ ಹೇಳಿಕೊಂಡು ಬಂದಿದ್ದೇವೆ. ಆದರೆ 2023ರ ಜನವರಿ 3ಕ್ಕೆ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, 19 ಮತ್ತು 21ನೇ (ಜೀವಿಸುವ ಹಕ್ಕಿನ) ವಿಧಿಯ ಹಕ್ಕುಗಳನ್ನು ಸರ್ಕಾರ ಅಲ್ಲದವರ ವಿರುದ್ಧವೂ ಕೇಳಬಹುದು ಅಂತ ಬಹುಮತದಿಂದ ಹೇಳಿತು. ಒಪ್ಪದವರು ನಮ್ಮ ಬಿ.ವಿ. ನಾಗರತ್ನ ಅವರು. ಹಾಗಂತ ನಿಮ್ಮ ಡೇರಿ ಭೀಮನಿಗಾಗಿ ನಾಳೆಯೇ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಅಂತ ನಾನು ಹೇಳುವುದಿಲ್ಲ. ದುಡ್ಡು, ಸಮಯ ಎರಡೂ ದಂಡ.

ಅದಕ್ಕಿಂತ ಹತ್ತಿರದ ದಾರಿ ಇದೆ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ಹೆಸರು, ವಿಳಾಸ ಅವರ ಸೈಟಿನಲ್ಲೇ ಇರುತ್ತದೆ, ಮೂಲೆಯಲ್ಲಿ ಬಚ್ಚಿಟ್ಟಿರುತ್ತಾರೆ, ಹುಡುಕಿ. ದೂರು ಬಂತು ಅಂತ 24 ಗಂಟೆಯೊಳಗೆ ತಿಳಿಸಬೇಕು, 2025ರಲ್ಲಿರುವ ನಿಯಮದಂತೆ 15 ದಿನದಲ್ಲಿ ತೀರ್ಮಾನ ಹೇಳಬೇಕು. ಆ ತೀರ್ಮಾನ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಆನ್‌ಲೈನಲ್ಲೇ ಅರ್ಜಿ ಹಾಕಬಹುದು. ವಕೀಲರು ಬೇಕಿಲ್ಲ (ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ).

ಇನ್ನೊಂದು ವಿಷಯ ಯಾರಿಗೂ ಗೊತ್ತಿರುವುದಿಲ್ಲ. ಭಾರತದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಕಂಪನಿ ತನ್ನ ಇಷ್ಟಕ್ಕೆ ತಾನೇ ಪೋಸ್ಟ್ ತೆಗೆಯುವಾಗ, ಏನು ಮಾಡುತ್ತಿದ್ದೇವೆ, ಯಾಕೆ ಅಂತ ಹಾಕಿದವನಿಗೆ ಮೊದಲೇ ತಿಳಿಸಬೇಕು, ಅವನ ಮಾತು ಕೇಳಲು ಅವಕಾಶ ಕೊಡಬೇಕು ಅಂತ ನಿಯಮ 4(8) ಹೇಳುತ್ತದೆ. ದೂರಿನಲ್ಲಿ ಈ ನಂಬರನ್ನು ಬರೆಯಿರಿ. ನಂಬರು ನೋಡಿದರೆ ಒಬ್ಬ ಮನುಷ್ಯನ ಟೇಬಲ್ಲಿಗೆ ಹೋಗುವ ಸಾಧ್ಯತೆ ಜಾಸ್ತಿ.

ಗಾಳಿಮಾತು | 8 ಅಕ್ಟೋಬರ್ 2025

ಕರಿಕೋಟು ಸರ್, ಆ ಮೇಲ್ಮನವಿ ಸಮಿತಿಯನ್ನು ನೇಮಿಸುವುದು ಯಾರು ಅಂತಲೂ ಹೇಳಿಬಿಡಿ. ಕೇಂದ್ರ ಸರ್ಕಾರ. ಅಂದರೆ ಕಂಪನಿ ನನ್ನ ಬಾಯಿ ಮುಚ್ಚಿಸಿತು ಅಂತ ಸರ್ಕಾರದ ಮುಂದೆ ಹೋಗಿ ಕೈಮುಗಿಯಬೇಕು. ಚೆನ್ನಾಗಿದೆ!

ನನಗೆ ಕಂಪನಿಗಿಂತ ಸರ್ಕಾರದ ಭಯವೇ ಜಾಸ್ತಿ. 2015ರಲ್ಲಿ ಐಟಿ ಕಾಯ್ದೆಯ 66ಎ, ಅಂದರೆ ಆನ್‌ಲೈನ್ ಮಾತಿಗೆ ಜೈಲಿಗೆ ಹಾಕುವ ಸೆಕ್ಷನ್, ಹೋಯಿತು ಅಂತ ಎಲ್ಲರೂ ಸಿಹಿ ಹಂಚಿದರು. ಸರ್ಕಾರ ಪೋಸ್ಟು ತಡೆಹಿಡಿಯುವ 69ಎ ಉಳಿಯಿತು. ಅದರಡಿ ನಿಮ್ಮ ಪೋಸ್ಟು ಹೋದರೆ ಆದೇಶದಲ್ಲಿ ಏನಿದೆ ಅಂತಲೇ ನಿಮಗೆ ಸಿಗುವುದಿಲ್ಲ, ನಿಯಮದಲ್ಲೇ ಗುಟ್ಟು ಅಂತ ಬರೆದಿದೆ. ಅದನ್ನು ಪ್ರಶ್ನೆ ಮಾಡಿದ ಟ್ವಿಟರ್‌ಗೆ 2023ರ ಜೂನ್ 30ರಂದು ನಮ್ಮ ಹೈಕೋರ್ಟು 50 ಲಕ್ಷ ದಂಡ ಹಾಕಿತು. ಈಗ ‘ಸಹಯೋಗ್’ ಪೋರ್ಟಲ್ ಬಂದಿದೆ. ಕೇಂದ್ರ ಗೃಹ ಇಲಾಖೆಯದು, ಬೇರೆ ಬೇರೆ ಇಲಾಖೆಯವರು, ಪೊಲೀಸರು ಅದರಲ್ಲೇ ತೆಗೆಯಿರಿ ಅಂತ ಕಳಿಸಬಹುದು. ಅದನ್ನು ಪ್ರಶ್ನಿಸಿ ಎಕ್ಸ್ ಕಂಪನಿ (ಹಳೆಯ ಟ್ವಿಟರ್) ಮತ್ತೆ ಇದೇ ಹೈಕೋರ್ಟಿಗೆ ಬಂತು. ಹೋದ ತಿಂಗಳು 24ಕ್ಕೆ ನ್ಯಾಯಮೂರ್ತಿ ನಾಗಪ್ರಸನ್ನ ಅವರು ಅರ್ಜಿ ವಜಾ ಮಾಡಿದರು. 19ನೇ ವಿಧಿ ನಾಗರಿಕರಿಗೆ, ವಿದೇಶಿ ಕಂಪನಿಗಲ್ಲ ಅಂದರು. ಸರಿ, ಆದರೆ ತೆಗೆದುಹಾಕಿದ್ದು ನಾಗರಿಕರ ಮಾತನ್ನೇ ಅಲ್ವಾ? ಅವರಿಗೆ ಹೇಳುವವರೇ ಇಲ್ಲ.

ಧರ್ಮಸ್ಥಳದಲ್ಲಿ ಶವಗಳನ್ನು ಹೂತ ಆರೋಪದ ವಿಷಯ ನೆನಪಿದೆಯಾ? ಜುಲೈನಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟು ಎದುರಿನವರ ಮಾತು ಕೇಳುವ ಮೊದಲೇ 8,842 ಲಿಂಕು ತೆಗೆಯಲು ಮಧ್ಯಂತರ ಆದೇಶ ಕೊಟ್ಟಿತು. ಅಷ್ಟನ್ನೂ ಯಾರಾದರೂ ಕೂತು ಓದಿರುತ್ತಾರೆ ಅಂತೀರಾ? ಆಗಸ್ಟ್ 1ಕ್ಕೆ ಒಂದು ಯೂಟ್ಯೂಬ್ ಚಾನೆಲ್ ಅರ್ಜಿಯ ಮೇಲೆ ಅದನ್ನು ರದ್ದು ಮಾಡಿ ಮತ್ತೆ ಕೇಳಿ ಅಂತ ಕಳಿಸಿದ್ದು ಇದೇ ನಾಗಪ್ರಸನ್ನ ಅವರೇ, ಅದನ್ನೂ ಹೇಳಬೇಕು.

ನನ್ನ ಲೆಕ್ಕ ಸುಲಭ. ಯಾರೂ ಏನನ್ನೂ ತೆಗೆಯಬಾರದು. ಬೈಗುಳ ಇದ್ದರೆ ಬ್ಲಾಕ್ ಮಾಡಿ, ಮುಂದೆ ಹೋಗಿ.

ಸಾಸಿವೆಡಬ್ಬಿ | 9 ಅಕ್ಟೋಬರ್ 2025

ಗಾಳಿಮಾತು ಅವರೇ, ಬ್ಲಾಕ್ ಮಾಡಿ ಮುಂದೆ ಹೋಗಿ ಅನ್ನುವವರು ಯಾವಾಗಲೂ ಗಂಡಸರೇ ಯಾಕಿರುತ್ತಾರೋ ನನಗೆ ಗೊತ್ತಿಲ್ಲ.

ನಾನು ಅಡುಗೆ ಬಗ್ಗೆ ಬರೆಯುತ್ತಿದ್ದೆ. ಅಡುಗೆ ರೀ! ಒಂದು ಸಲ ನಮ್ಮ ಮನೆಯ ಬಾಡೂಟದ ಫೋಟೊ ಹಾಕಿದೆ, ಅಷ್ಟೆ. ಮೂರು ದಿನ ನನ್ನ ಇನ್‌ಬಾಕ್ಸ್ ಏನಾಗಿತ್ತು ಅಂತ ನನ್ನ ಗಂಡನಿಗೂ ಪೂರ್ತಿ ತೋರಿಸಿಲ್ಲ. ಒಬ್ಬನನ್ನು ಬ್ಲಾಕ್ ಮಾಡಿದರೆ ಹತ್ತು ಜನ ಬರುತ್ತಾರೆ. ರಿಪೋರ್ಟ್ ಮಾಡಿದರೆ ಇದೇ ಉತ್ತರ, ನಿಯಮ ಉಲ್ಲಂಘಿಸಿಲ್ಲ. ಕೊನೆಗೆ ಬರೆಯುವುದನ್ನೇ ಬಿಟ್ಟೆ. ಈಗ ಓದುತ್ತೇನೆ ಅಷ್ಟೆ. ನನ್ನ ಪೋಸ್ಟನ್ನು ಯಾರೂ ತೆಗೆಯಲಿಲ್ಲ, ನಿಜ. ಯಾರೂ ತೆಗೆಯದೇ ನನ್ನ ಬಾಯಿ ಮುಚ್ಚಿತು. ಅದು ನಿಮ್ಮ ವಾಕ್ ಸ್ವಾತಂತ್ರ್ಯದ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?

ನಾಟಕದಹುಚ್ಚು ಅಣ್ಣ, ಆ ದ್ರೌಪದಿ ಪಾತ್ರ ಮಾಡಿದವರು ಹೇಗಿದ್ದಾರೆ? ಎಲ್ಲರೂ ಭೀಮನ ವಿಚಾರವನ್ನೇ ಮಾತಾಡುತ್ತಿದ್ದೀರಿ.

ನಾಟಕದಹುಚ್ಚು | 9 ಅಕ್ಟೋಬರ್ 2025

ನೀವು ಕೇಳಿದ್ದು ಸರಿ ಮೇಡಂ. ಅವರು ಪಕ್ಕದ ತಾಲ್ಲೂಕಿನ ವೃತ್ತಿ ಕಲಾವಿದೆ, ಸಂಭಾವನೆ ತೆಗೆದುಕೊಂಡು ಹತ್ತಾರು ಊರಿಗೆ ಹೋಗಿ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನಾವು ದುಡ್ಡು ಕೊಡುತ್ತೇವೆ. ಫೋನ್ ಮಾಡಿದ್ದೆ. “ಇದೆಲ್ಲ ಸ್ಟೇಜಿನ ಮುಂದೇನೇ ಕೇಳಿದ್ದೀನಿ ಅಣ್ಣ, ಆದರೆ ಅದು ರಾತ್ರಿ ಮುಗಿದರೆ ಮುಗೀತು, ಇದು ನನ್ನ ಮಗಳ ಫೋನಿಗೂ ಬರ್ತದೆ” ಅಂದರು. ನನಗೆ ಮಾತೇ ಹೊರಡಲಿಲ್ಲ.

ರಾತ್ರಿಪಾಳಿ | 10 ಅಕ್ಟೋಬರ್ 2025

ಇಲ್ಲಿ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ಬೆಂಗಳೂರಿನಲ್ಲಿ ಇದೇ ಕೆಲಸ, ಅಂದರೆ ಯಾವ ಪೋಸ್ಟ್ ಇಡಬೇಕು, ಯಾವುದು ತೆಗೆಯಬೇಕು ಅಂತ ನೋಡುವ ಕೆಲಸ ಮಾಡುತ್ತಿದ್ದೆ. ಯಾವ ಕಂಪನಿ, ಯಾರಿಗಾಗಿ ಅಂತ ಕೇಳಬೇಡಿ, ಬಾಯಿ ಬಿಡುವುದಿಲ್ಲ ಅಂತ ಸಹಿ ಹಾಕಿಸಿಕೊಂಡಿದ್ದಾರೆ.

ನೀವೆಲ್ಲ ಅಲ್ಲಿ ಯಾರೋ ಕೂತು ಓದಿ, ಯೋಚಿಸಿ, ಬೇಕಂತಲೇ ತೆಗೆದರು ಅಂದುಕೊಂಡಿದ್ದೀರಿ. ಹಾಗಿಲ್ಲ. ಮೊದಲ ಜರಡಿ ಮೆಷಿನ್‌ದು. ಎದೆ ಬಗೆ, ರಕ್ತ ಕುಡಿ, ಇಂಥ ಮಾತು ಒಟ್ಟಿಗೆ ಬಂದರೆ ಅದು ಎತ್ತಿಬಿಡುತ್ತದೆ. ದುಶ್ಯಾಸನ ಯಾರು ಅಂತ ಅದಕ್ಕೇನು ಗೊತ್ತು? ಯಾರೋ ಪಕ್ಕದ ಮನೆಯವನು ಇರಬೇಕು ಅಂದುಕೊಳ್ಳುತ್ತದೆ. ಮನುಷ್ಯರ ಮುಂದೆ ಬರುವುದು ಆಮೇಲೆ, ಬಂದರೆ. ನನಗೆ ಒಂದು ಪೋಸ್ಟಿಗೆ ಒಂದು ನಿಮಿಷವೂ ಇರುತ್ತಿರಲಿಲ್ಲ. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿ, ಉದಾಹರಣೆಗಳೂ ಇಂಗ್ಲಿಷಿನವೇ. ಕನ್ನಡದವರು ರಜೆ ಹಾಕಿದರೆ ಆ ದಿನದ ಕನ್ನಡ ಪೋಸ್ಟುಗಳು ತೆಲುಗು ಹುಡುಗನಿಗೆ ಹೋಗುತ್ತಿದ್ದವು. ಅಕ್ಷರ ಒಂದೇ ತರ ಇದೆಯಲ್ಲ ಅಂತ! ಪಾಪ, ಅವನು ಅನುವಾದದ ಬಟನ್ ಒತ್ತಿ ನೋಡುತ್ತಿದ್ದ.

ಆ ಅನುವಾದ ಹೇಗಿರುತ್ತದೆ ಅಂತ ಈ ವರ್ಷ ಇಡೀ ರಾಜ್ಯವೇ ನೋಡಿತಲ್ಲ. ಜುಲೈನಲ್ಲಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿಗಳು ಅಂತಿಮ ದರ್ಶನ ಪಡೆದರು ಅಂತ ಕನ್ನಡದಲ್ಲಿ ಹಾಕಿದ ಪೋಸ್ಟನ್ನು ಫೇಸ್‌ಬುಕ್ ಇಂಗ್ಲಿಷಿಗೆ ಮಾಡಿ, ಸಿದ್ದರಾಮಯ್ಯನವರೇ ತೀರಿಕೊಂಡರು ಅಂತ ತೋರಿಸಿತು. ಮುಖ್ಯಮಂತ್ರಿಗಳ ಕಚೇರಿಯಿಂದ ಪತ್ರ ಹೋಯಿತು, ಮೆಟಾ ಕ್ಷಮೆ ಕೇಳಿ ಸರಿಮಾಡಿತು. ನೀವು ಮುಖ್ಯಮಂತ್ರಿ ಆಗಿದ್ದರೆ ನಿಮ್ಮ ಭೀಮನೂ ಆವತ್ತೇ ವಾಪಸ್ ಬರುತ್ತಿದ್ದ.

ಇನ್ನು ಬೈಗುಳ ಯಾಕೆ ಉಳಿಯುತ್ತದೆ ಅಂತ. ಒಂದು, ಅರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಒಂದೇ ಪದಕ್ಕೆ ಇಪ್ಪತ್ತು ಕಾಗುಣಿತ. ಎರಡು, ನಮ್ಮ ಬೈಗುಳ ಪದದಲ್ಲಿ ಇರುವುದಿಲ್ಲ, ದನಿಯಲ್ಲಿ ಇರುತ್ತದೆ. ಹುಬ್ಬಳ್ಳಿ ಕಡೆ ಗೆಳೆಯನನ್ನು ‘ಲೇ ಮಗನ’ ಅಂತ ಪ್ರೀತಿಯಿಂದಲೇ ಕರೆಯುತ್ತಾರೆ. ‘ಸಾಯಿಸಿಬಿಟ್ಟೆ ಗುರೂ’ ಅಂದರೆ ಚೆನ್ನಾಗಿ ಮಾಡಿದೆ ಅಂತ. ಅವೆಲ್ಲ ಎತ್ತಂಗಡಿ. ಆದರೆ ಜಾತಿ ಬೈಗುಳ ಹಾಗಲ್ಲ. ಬರೀ ಒಂದು ಕಸುಬಿನ ಹೆಸರು, ಇಲ್ಲ ಕೇರಿಯ ಹೆಸರು, ಇಲ್ಲ ‘ನಿಮ್ಮೋರೆಲ್ಲ ಎಲ್ಲಿರಬೇಕೋ ಅಲ್ಲೇ ಇರಬೇಕು’ ಅನ್ನುವ ಮಾತು. ಅದರಲ್ಲಿ ಒಂದು ಕೆಟ್ಟ ಪದವೂ ಇಲ್ಲ, ಅಲ್ವಾ? ನಾನು ಅಂಥದ್ದನ್ನು ತೆಗೆದಿದ್ದಕ್ಕೆ ನನ್ನ ಕ್ವಾಲಿಟಿ ಸ್ಕೋರ್ ಬಿದ್ದಿದೆ. ಮೇಲಿನವನು ಬೇರೆ ರಾಜ್ಯದವನು, ‘ಇದು ಊರಿನ ಹೆಸರಲ್ಲವಾ?’ ಅಂದ.

ಹಾಗಾಗಿ ಗಾಳಿಮಾತು ಸರ್ ಏನೂ ತೆಗೆಯಬೇಡಿ ಅನ್ನುವುದೂ, ಮೇಡಂ ತೆಗೆಯಿರಿ ಅನ್ನುವುದೂ ನನಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಕನ್ನಡ ಓದುವವರು ಸಾಲದು. ಇರುವವರಿಗೆ ಓದಲು ಟೈಮಿಲ್ಲ.

ಗಾಳಿಮಾತು | 10 ಅಕ್ಟೋಬರ್ 2025

ಸಾಸಿವೆಡಬ್ಬಿ ಅವರೇ, ಬ್ಲಾಕ್ ಮಾಡಿ ಅಂದದ್ದು ವಾಪಸ್ ತಗೊಂಡೆ. ಸರ್ಕಾರದ ವಿಷಯ ತಗೊಳ್ಳಲ್ಲ. ಕನ್ನಡ ಬಲ್ಲವರನ್ನು ಸಾವಿರ ಜನ ಕೂರಿಸಿದರೂ, ಯಾರು ತೆಗೆಸಿದರು ಅಂತ ಹೇಳದಿದ್ದರೆ ನಾನು ನಂಬುವುದಿಲ್ಲ.

ಕರಿಕೋಟು | 10 ಅಕ್ಟೋಬರ್ 2025

ರಾತ್ರಿಪಾಳಿ ಅವರ ಮಾತಿನಿಂದ ಒಂದು ಕೆಲಸದ ವಿಷಯ ಸಿಕ್ಕಿತು. ದೂರನ್ನು ಇಂಗ್ಲಿಷಿನಲ್ಲೂ ಬರೆಯಿರಿ. ಇದು ಮಹಾಭಾರತ, ಇವನು ಭೀಮ, ದುಶ್ಯಾಸನ ಬದುಕಿಲ್ಲ ಅಂತ ಬಿಡಿಸಿ ಹೇಳಿ. ನಾಚಿಕೆ ಪಡಬೇಡಿ. ಜಾತಿ ನಿಂದನೆಯ ಕಾಮೆಂಟಿಗೆ ಬೇರೆ ದೂರು ಹಾಕಿ, ಎರಡನ್ನೂ ಸೇರಿಸಬೇಡಿ. ಸ್ಕ್ರೀನ್‌ಶಾಟಿನಲ್ಲಿ ಲಿಂಕು, ತಾರೀಖು ಕಾಣಬೇಕು. ಆ ಕಲಾವಿದೆ ಪರಿಶಿಷ್ಟ ಜಾತಿಯವರಾದರೆ, ಅವರು ಒಪ್ಪಿದರೆ, ಪೊಲೀಸರಿಗೂ ಕೊಡಬಹುದು. ಅದು ಅವರ ತೀರ್ಮಾನ, ನಿಮ್ಮದಲ್ಲ.

ನಾಟಕದಹುಚ್ಚು | 29 ಅಕ್ಟೋಬರ್ 2025

ಏನಾಯಿತು ಅಂತ ಹೇಳಿ ಹೋಗೋಣ ಅಂತ ಬಂದೆ.

ಎರಡು ದೂರು ಹಾಕಿದೆ. 4(8) ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಭೀಮ ಯಾರು ಅಂತ ನನ್ನ ಮುರುಕಲು ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ, ಮಗಳು ತಿದ್ದಿಕೊಟ್ಟಳು. ಹನ್ನೊಂದನೇ ದಿನಕ್ಕೆ ವಿಡಿಯೊ ವಾಪಸ್ ಬಂತು. ಯಾಕೆ ತೆಗೆದರು, ಯಾಕೆ ಹಾಕಿದರು, ಒಂದು ಸಾಲೂ ಇಲ್ಲ. 30 ದಿನದ ನಿರ್ಬಂಧ ಮಾತ್ರ ಹಾಗೇ ಮುಂದುವರಿದಿದೆ, ತಪ್ಪು ಮಾಡಿಲ್ಲ ಆದರೂ ಶಿಕ್ಷೆ ಮುಗಿಸು ಅನ್ನುವ ಹಾಗೆ. ಕಾಮೆಂಟಿನ ದೂರಿಗೆ ಹದಿನಾಲ್ಕನೇ ದಿನ ಉತ್ತರ ಬಂತು: ಉಲ್ಲಂಘನೆ ಇಲ್ಲ. ಮೇಲ್ಮನವಿ ಹಾಕಿದ್ದೇನೆ. ಕಲಾವಿದೆಯವರೇ ಕೂತು ಬರೆಸಿದರು, ಆ ಮಾತಿನ ಅರ್ಥ ಏನು, ನಮ್ಮ ಕಡೆ ಅದನ್ನು ಯಾರು ಯಾರಿಗೆ ಅನ್ನುತ್ತಾರೆ ಅಂತ. ಪೊಲೀಸರ ವಿಷಯ ಅವರು ಇನ್ನೂ ಯೋಚನೆ ಮಾಡುತ್ತಿದ್ದಾರೆ.

ನಿನ್ನೆ ಹಾರ್ಮೋನಿಯಂ ಮೇಷ್ಟ್ರು ಬಂದಿದ್ದರು. ಅವರಿಗೆ ಎಪ್ಪತ್ತು ದಾಟಿದೆ, ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು: “ಮುಂದಿನ ವರ್ಷಕ್ಕೆ ಎದೆ ಬಗೀತೀನಿ ಅನ್ನೋದು ತೆಗೆದು, ದೂರು ಕೊಡ್ತೀನಿ ಅಂತ ಹಾಕಿಬಿಡೋಣವಾ? ಮಾತ್ರೆ ಹೊಂದುತ್ತೆ.”