ಹಲ್ಲಿನ ಕಂದು ಕಲೆಗೂ ಟೊಂಕದ ಬಿಗಿತಕ್ಕೂ ಸಂಬಂಧ ಇದೆಯಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೀಗ 47. ತವರು ಗದಗ ಜಿಲ್ಲೆ, ಮುಂಡರಗಿ ತಾಲೂಕಿನ ಹಳ್ಳಿ. ಮದುವೆ ಆಗುವ ತನಕ, ಅಂದರೆ 19 ವರ್ಷ, ಬೋರ್ ನೀರೇ ಕುಡಿದದ್ದು. ಹಲ್ಲು ಚಿಕ್ಕಂದಿನಿಂದ ಕಂದು. ಹಲ್ಲು ತಿಕ್ಕಲ್ಲ ಅಂತ ಶಾಲೆಯಲ್ಲಿ ಬೈಸಿಕೊಂಡಿದ್ದೇನೆ, ಮದುವೆ ಫೋಟೋದಲ್ಲೂ ಬಾಯಿ ಮುಚ್ಚಿಕೊಂಡೇ ಇದ್ದೇನೆ. ಎರಡು ವರ್ಷದಿಂದ ಟೊಂಕ, ಗೋಣು ಬಿಗಿ. ರೊಟ್ಟಿ ಬಡಿಯಲು ಕೆಳಗೆ ಕೂತರೆ ಗೋಡೆ ಹಿಡಿದು ಏಳಬೇಕು. ಮನೆಯವರು ವಯಸ್ಸಾಯ್ತು ಬಿಡು ಅಂತಾರೆ. ಆದರೆ ಹುಬ್ಬಳ್ಳಿಗೆ ಬಂದ ಮೇಲೆ 28 ವರ್ಷದಿಂದ ಮಲಪ್ರಭಾ ನೀರು ಕುಡಿಯುತ್ತಿದ್ದೇನೆ. ಆಗಿನ ನೀರು ಈಗ ಕಾಡುತ್ತಾ?

ಉತ್ತರ (ಮೂಳೆ ವೈದ್ಯರು): ಅಕ್ಕಾವ್ರೇ, ಮೊದಲು ಒಂದು ಮಾತು. ಆ ಕಲೆ ನೀವು ಹಲ್ಲು ತಿಕ್ಕದೆ ಬಂದದ್ದಲ್ಲ. ಶಾಶ್ವತ ಹಲ್ಲುಗಳು ಒಸಡಿನೊಳಗೆ ತಯಾರಾಗುವುದೇ ಸುಮಾರು ಎಂಟು ವರ್ಷದೊಳಗೆ, ಎದುರಿನ ಹಲ್ಲುಗಳು ಇನ್ನೂ ಮೊದಲೇ. ಆಗ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಜಾಸ್ತಿ ಇದ್ದರೆ ಹಲ್ಲಿನ ಹೊಳಪಿನ ಪದರ ಸರಿಯಾಗಿ ಗಟ್ಟಿಯಾಗಲ್ಲ. ದೊಡ್ಡವರಾದ ಮೇಲೆ ಎಷ್ಟೇ ಕುಡಿದರೂ ಈ ಕಲೆ ಬರಲ್ಲ. ಅಂದರೆ ನಿಮ್ಮ ಹಲ್ಲೇ ನಿಮ್ಮ ಬಾಲ್ಯದ ನೀರಿನ ದಾಖಲೆ.

ಮೂಳೆಯ ಕಥೆ ಬೇರೆ. ದೊಡ್ಡವರ ದೇಹ ಒಳಗೆ ಹೋದ ಫ್ಲೋರೈಡಿನಲ್ಲಿ ಸುಮಾರು ಅರ್ಧವನ್ನು ಮೂಳೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಬೆಳೆಯುವ ಮಕ್ಕಳದ್ದು ಅದಕ್ಕಿಂತ ಜಾಸ್ತಿ. ಊಟದಲ್ಲಿ ಹಾಲು, ಮೊಸರು ಕಡಿಮೆ ಇದ್ದರೆ ತೊಂದರೆ ಹೆಚ್ಚು. ನೀರು ಬದಲಾಯಿಸಿದ ಮೇಲೆ ಮೂಳೆಯಿಂದ ಅದು ನಿಧಾನವಾಗಿ, ವರ್ಷಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಆದರೆ ಕೀಲಿನ ಸುತ್ತಲಿನ ನಾರುಗಳು ಒಮ್ಮೆ ಸುಣ್ಣಗಟ್ಟಿದರೆ ಮೊದಲಿನಂತೆ ಆಗುವುದು ಕಷ್ಟ.

ಹಾಗಂತ 28 ವರ್ಷ ಒಳ್ಳೆಯ ನೀರು ಕುಡಿದಿದ್ದೀರಿ, ಎಲ್ಲ ನೋವನ್ನೂ ಫ್ಲೋರೈಡಿನ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ವಿಟಮಿನ್ ಡಿ ಕೊರತೆ, ಸಂಧಿವಾತ, ಥೈರಾಯ್ಡ್ ಕೂಡ ಹೀಗೇ ಕಾಡುತ್ತವೆ. ಮನೆಯಲ್ಲಿ ಒಂದು ನೋಡಿ: ನೆಲದ ಮೇಲೆ ಒಂದು ರೂಪಾಯಿ ಇಟ್ಟು, ಮೊಣಕಾಲು ಮಡಚದೆ ಬಾಗಿ ಎತ್ತಲು ಆಗುತ್ತಾ? ಗದ್ದ ಎದೆಗೆ ತಾಗುತ್ತಾ? ಎರಡು ಕೈ ತಲೆಯ ಹಿಂದೆ ಹೋಗುತ್ತವಾ? ಜೋರು ಮಾಡಬೇಡಿ, ಆದಷ್ಟೇ. ಆಗದಿದ್ದರೆ ಟೊಂಕದ ಮತ್ತು ಮುಂಗೈಯ ಎಕ್ಸ್‌ರೇ ಮಾಡಿಸಿ, ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ ಪರೀಕ್ಷೆ. ಕೈಕಾಲು ಜೋಮು ಹಿಡಿದರೆ ಅಥವಾ ಶಕ್ತಿ ಕಡಿಮೆಯಾದರೆ ತಡ ಮಾಡಬೇಡಿ. ಸುಮ್ನೆ ನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ.

ಪ್ರಶ್ನೆ: ರೂಪಾಯಿ ಎತ್ತಲು ಆಗಲಿಲ್ಲ ಡಾಕ್ಟ್ರೇ, ನಾಳೆಯೇ ಹೋಗುತ್ತೇನೆ. ಇನ್ನೊಂದು. ತಮ್ಮನ ಮಗ ಊರಲ್ಲೇ ಇದ್ದಾನೆ, ಮೂರು ವರ್ಷ. ಬೋರ್ ನೀರು ಕಾಯಿಸಿ ಕೊಡುತ್ತಾರೆ, ಸಾಕಲ್ವಾ?

ಉತ್ತರ: ಸಾಲದು ಅಕ್ಕಾವ್ರೇ! ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಪಂಚಾಯಿತಿಯಲ್ಲಿ ಕೇಳಿ ಬೋರ್ ನೀರು ಪರೀಕ್ಷೆಗೆ ಕಳಿಸಿ. ವರದಿ ಬರುವ ತನಕ ಹುಡುಗನ ಕುಡಿಯೋ ನೀರು ಮತ್ತು ಅಡುಗೆ ನೀರು ಎರಡೂ ಆರ್‌ಒ ಘಟಕದ್ದೋ ನದಿಯದ್ದೋ ಇರಲಿ. ಅವನ ಹಲ್ಲು ಒಳಗೆ ಈಗಲೇ ತಯಾರಾಗುತ್ತಿವೆ. ಇವತ್ತೇ ತಮ್ಮನಿಗೆ ಫೋನ್ ಮಾಡಿ.